ಹಸಿ ಕೇಕ್ ಹಿಟ್ಟು ತಿನ್ನಬಹುದಾ? ಮೊಟ್ಟೆಯ ಮೇಲಿನ ಕಣ್ಣು ಮೈದಾ ಕಡೆಗೂ ತಿರುಗಲಿ

ಕೇಕ್ ಟಿನ್ ಓವನ್ ಸೇರಿತು. ಉಳಿದಿದ್ದು ಹಿಟ್ಟು ಕಲಸಿದ ಪಾತ್ರೆ. ಒಳಮೈಯನ್ನು ಬೆರಳಲ್ಲಿ ಬಳಿದರೆ ಒಂದು ಚಮಚ ಸಿಗುವಷ್ಟು ಹಿಟ್ಟು ಅಂಟಿಕೊಂಡಿದೆ. ಬೀಟರ್‌ನ ಕಂಬಿಗಳ ಸಂದಿಯಲ್ಲಿ ಇನ್ನೊಂದಿಷ್ಟು. ಆರು ವರ್ಷದ ಮಗಳು ಸ್ಟೂಲ್ ಎಳೆದುಕೊಂಡು ಬಂದು ಪಕ್ಕದಲ್ಲೇ ನಿಂತಿದ್ದಾಳೆ.

“ಅಮ್ಮಾ, ಪಾತ್ರೆ ನಂಗೆ ಅಲ್ವಾ?”

ನಾನೂ ಚಿಕ್ಕವಳಿದ್ದಾಗ ಇದನ್ನೇ ಕೇಳಿದವಳು. ಆಗ ಪಾತ್ರೆ ನನ್ನ ಕೈಗೆ ಸಿಗುತ್ತಿತ್ತು, ನೆಕ್ಕುತ್ತಿದ್ದೆ, ಏನೂ ಆಗಲಿಲ್ಲ. ಅದಕ್ಕೇ ಮಗಳಿಗೆ ಬೇಡ ಅನ್ನಲು ಮನಸ್ಸು ಬರಲಿಲ್ಲ. ಆದರೂ ಬೇಡ ಅಂದೆ. ಯಾಕೆ ಅಂತ ಕೇಳಿದಳು. “ಅದ್ರಲ್ಲಿ ಹಸಿ ಮೊಟ್ಟೆ ಇದೆ ಪುಟ್ಟಾ.” ಒಂದು ಕ್ಷಣ ಯೋಚಿಸಿ ಮತ್ತೆ ಕೇಳಿದಳು: “ಹಾಗಾದ್ರೆ ಮೊಟ್ಟೆ ಹಾಕ್ದೇ ಮಾಡಿದ್ರೆ ತಿನ್ಬಹುದಾ?”

ನಮ್ಮಲ್ಲಿ ಬಹಳಷ್ಟು ಜನ ಇದಕ್ಕೆ ಹೂಂ ಅಂದುಬಿಡುತ್ತೇವೆ. ನಾನೂ ಹಿಂದೆ ಹಾಗೇ ಅಂದಿದ್ದೇನೆ. ಎಡವುವುದು ಅಲ್ಲೇ. ಹಸಿ ಕೇಕ್ ಹಿಟ್ಟಿನಲ್ಲಿ ಅಪಾಯ ತರಬಲ್ಲ ವಸ್ತುಗಳು ಎರಡು. ಒಂದು ಮೊಟ್ಟೆ. ಅದರ ಬಗ್ಗೆ ನಮಗೆಲ್ಲ ಗೊತ್ತು. ಇನ್ನೊಂದು ಮೈದಾ. ಅದರ ಬಗ್ಗೆ ಯಾರೂ ಹೇಳಿರುವುದಿಲ್ಲ. ಮೊಟ್ಟೆಯ ಸಮಸ್ಯೆಗೆ ಕೆಲವು ಕಡೆ ಒಳ್ಳೆಯ ಪರಿಹಾರ ಸಿಕ್ಕಿದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮೈದಾಕ್ಕೆ ಅಂಥದ್ದು ಇನ್ನೂ ಸಿಕ್ಕಿಲ್ಲ.

ಮೊದಲು ಮೊಟ್ಟೆಯ ವಿಷಯ ಮುಗಿಸೋಣ. ಮೊಟ್ಟೆಯಲ್ಲಿ ಹೆದರಬೇಕಾದ್ದು ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾಕ್ಕೆ. ಸಿಪ್ಪೆಗೆ ಅಂಟಿದ ಹಿಕ್ಕೆಯಿಂದ ಅದು ಬರಬಹುದು. ಅಷ್ಟೇ ಆಗಿದ್ದರೆ ಮೊಟ್ಟೆ ತೊಳೆದು ಒಡೆದರೆ ಸಾಕಿತ್ತು. ಆದರೆ ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಅನ್ನುವ ಬಗೆ ಕೋಳಿಯ ಅಂಡಾಶಯದಲ್ಲೇ ಮನೆ ಮಾಡಬಲ್ಲದು. ಸಿಪ್ಪೆ ಕಟ್ಟುವ ಮೊದಲೇ ಅದು ಮೊಟ್ಟೆಯೊಳಗೆ ಸೇರಿರುತ್ತದೆ. ಹೊರಗಿಂದ ನೋಡಿದರೆ ಮೊಟ್ಟೆ ಫಳಫಳ ಅನ್ನುತ್ತದೆ, ಬಿರುಕಿಲ್ಲ, ವಾಸನೆ ಇಲ್ಲ. ಕೋಳಿಯೂ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತದೆ. ಮನೆಯಲ್ಲಿ ಮೊಟ್ಟೆ ತೊಳೆದರೆ ಒಳಗಿರುವುದು ಹೋಗುವುದಿಲ್ಲ. ಬದಲಿಗೆ ಸಿಪ್ಪೆಯ ಮೇಲಿನ ಕೊಳೆ ಸಣ್ಣ ಸಣ್ಣ ರಂಧ್ರಗಳ ಮೂಲಕ ಒಳಗೆ ಇಳಿಯಲು ದಾರಿ ಆಗಬಹುದು.

ಇಂಥ ಮೊಟ್ಟೆಗಳು ಎಷ್ಟಿರುತ್ತವೆ? ಅಮೆರಿಕದಲ್ಲಿ ಹಿಂದೆ ಮಾಡಿದ ಒಂದು ಅಂದಾಜಿನ ಪ್ರಕಾರ 20,000 ಮೊಟ್ಟೆಗೆ 1. ಒಂದು ಕೇಕ್‌ಗೆ ಮೂರು ಮೊಟ್ಟೆ ಒಡೆಯುತ್ತೇವೆ ಅಂದುಕೊಂಡರೆ, ಸುಮಾರು 6,600 ಕೇಕ್‌ಗಳಿಗೆ ಒಂದು ಸಲ ಅಂಥ ಮೊಟ್ಟೆ ಪಾತ್ರೆಗೆ ಬೀಳುತ್ತದೆ. ಒಂದು ಮನೆಯ ಲೆಕ್ಕದಲ್ಲಿ ಇದು ಬಹಳ ಕಮ್ಮಿ. ನನಗೆ ಏನೂ ಆಗದೇ ಇದ್ದಿದ್ದಕ್ಕೆ ಕಾರಣವೂ ಇದೇ. ಆದರೆ ಒಂದು ದೇಶದಲ್ಲಿ ದಿನಕ್ಕೆ ಎಷ್ಟು ಲಕ್ಷ ಮೊಟ್ಟೆ ಒಡೆಯುತ್ತಾರೆ ಅಂತ ಯೋಚಿಸಿದರೆ ಆ ಒಂದು ಅನ್ನುವುದು ದೊಡ್ಡದಾಗುತ್ತಾ ಹೋಗುತ್ತದೆ.

ಬ್ರಿಟನ್ನಿನ ಕಥೆ ಇಲ್ಲಿ ಹೇಳಲೇಬೇಕು. 1988ರ ಡಿಸೆಂಬರ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಕಿರಿಯ ಸಚಿವೆ ಎಡ್ವಿನಾ ಕರಿ, ದೇಶದ ಬಹುಪಾಲು ಮೊಟ್ಟೆ ಉತ್ಪಾದನೆಗೆ ಸಾಲ್ಮೊನೆಲ್ಲಾ ತಗುಲಿದೆ ಅಂದರು. ಮೊಟ್ಟೆ ವ್ಯಾಪಾರ ಒಂದೇ ಸಲಕ್ಕೆ ನೆಲ ಕಚ್ಚಿತು. ಗಲಾಟೆ ಎದ್ದು ಎರಡೇ ವಾರದಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಅವರ ಮಾತು ಅತಿಯಾಗಿತ್ತು, ನಿಜ. ಆದರೆ ಸಮಸ್ಯೆ ಸುಳ್ಳಾಗಿರಲಿಲ್ಲ. ಮುಂದೆ 1998ರಲ್ಲಿ ಅಲ್ಲಿನ ಮೊಟ್ಟೆ ಉತ್ಪಾದಕರು ಕೋಳಿಗಳಿಗೆ ಸಾಲ್ಮೊನೆಲ್ಲಾ ಲಸಿಕೆ ಹಾಕಿಸುವ ಯೋಜನೆ ತಂದರು. ಆ ನಿಯಮ ಪಾಲಿಸಿದ ಮೊಟ್ಟೆಗಳ ಮೇಲೆ ಕೆಂಪು ಸಿಂಹದ ಮುದ್ರೆ ಬಿತ್ತು. ವರ್ಷಗಳು ಕಳೆದ ಹಾಗೆ ಮೊಟ್ಟೆಯಿಂದ ಬರುವ ಕಾಯಿಲೆ ಎಷ್ಟು ಇಳಿಯಿತು ಅಂದರೆ, 2017ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ ತನ್ನ ಹಳೆಯ ಸಲಹೆಯನ್ನೇ ಬದಲಿಸಿತು. ಸಿಂಹದ ಮುದ್ರೆಯ ಮೊಟ್ಟೆಯನ್ನು ಬಸುರಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಹಸಿಯಾಗಿ ತಿಂದರೂ ಅಡ್ಡಿಯಿಲ್ಲ ಅಂದಿತು. ರೋಗನಿರೋಧಕ ಶಕ್ತಿ ತೀರಾ ಕುಂದಿದವರನ್ನು ಮಾತ್ರ ಹೊರಗಿಟ್ಟಿತು.

ಹಾಗಾದರೆ ಅಲ್ಲಿ ಪಾತ್ರೆ ನೆಕ್ಕಬಹುದು ಅಂತಾಯಿತಾ? ಇಲ್ಲ. ಹಸಿ ಮೊಟ್ಟೆಗೆ ಒಪ್ಪಿಗೆ ಕೊಟ್ಟ ಅದೇ ಸಂಸ್ಥೆ ಹಸಿ ಮೈದಾ ತಿನ್ನಬೇಡಿ ಅನ್ನುತ್ತದೆ. ನನ್ನ ಮಗಳ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ.

ಮೈದಾ ಕೂಡ ಹಸಿ ಪದಾರ್ಥವೇ

ಮೈದಾ ಪೊಟ್ಟಣ ಬಿಡಿಸಿ ನೋಡಿ. ಬೆಳ್ಳಗೆ, ನಯವಾಗಿ, ಒಣಗಿದ ಪುಡಿ. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಇಟ್ಟರೂ ಹುಳಿಯುವುದಿಲ್ಲ, ನಾರುವುದಿಲ್ಲ. ಸಕ್ಕರೆ ಪಕ್ಕದಲ್ಲಿ, ಉಪ್ಪಿನ ಪಕ್ಕದಲ್ಲಿ ಅದರ ಜಾಗ. ಹಾಗಾಗಿ ಅದನ್ನು ಹಸಿ ಅಂತ ನಮ್ಮ ಮನಸ್ಸು ಒಪ್ಪುವುದೇ ಇಲ್ಲ. ಹಸಿ ಮಾಂಸ ಮುಟ್ಟಿದ ಕೈಯನ್ನು ಕೂಡಲೇ ತೊಳೆಯುತ್ತೇವೆ. ಮೈದಾ ಮುಟ್ಟಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತೇವೆ.

ಆದರೆ ಮೈದಾ ಎಲ್ಲಿಂದ ಬಂತು ಅಂತ ಒಂದು ಸಲ ಹಿಂದಕ್ಕೆ ಹೋಗಿ ನೋಡಿ. ಗೋಧಿ ಬೆಳೆಯುವುದು ಬಯಲಿನಲ್ಲಿ. ತೆನೆಯ ಮೇಲೆ ಹಕ್ಕಿ ಕೂರುತ್ತದೆ, ಹೊಲದಲ್ಲಿ ಕಾಡುಪ್ರಾಣಿ ಓಡಾಡುತ್ತದೆ, ಪಕ್ಕದಲ್ಲಿ ದನ ಮೇಯುತ್ತಿರುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾದ ಅಪಾಯಕಾರಿ ಬಗೆಗಳು ಇರುವುದು ಹೆಚ್ಚಾಗಿ ದನದಂಥ ಮೆಲುಕು ಹಾಕುವ ಪ್ರಾಣಿಗಳ ಕರುಳಿನಲ್ಲಿ. ಸಗಣಿ, ಹರಿಯುವ ನೀರು, ಗಾಳಿಗೆ ಏಳುವ ಧೂಳು, ಯಾವುದರ ಮೂಲಕ ಬೇಕಾದರೂ ಅದು ಕಾಳಿಗೆ ಅಂಟಬಹುದು. ಗಿರಣಿಯಲ್ಲಿ ಕಾಳಿನ ಕಸ ಕಡ್ಡಿ ತೆಗೆಯುತ್ತಾರೆ, ತವಡು ಬಿಡಲಿ ಅಂತ ನೀರು ಚಿಮುಕಿಸಿ ಹದ ಮಾಡುತ್ತಾರೆ, ಬೀಸುತ್ತಾರೆ, ಜರಡಿ ಹಿಡಿಯುತ್ತಾರೆ. ಇಷ್ಟರಲ್ಲಿ ಎಲ್ಲೂ ಬೇಯಿಸುವುದಿಲ್ಲ. ಹಾಲಿಗಾದರೆ ಪಾಶ್ಚರೀಕರಣ ಇದೆ, ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಂದೇ ಪೊಟ್ಟಣಕ್ಕೆ ತುಂಬುತ್ತಾರೆ. ಸಾಮಾನ್ಯ ಮೈದಾಕ್ಕೆ ಅಂಥ ಹಂತವೇ ಇಲ್ಲ. ಯಾಕೆಂದರೆ ಅದನ್ನು ಮಾಡುವವರು, ಮಾರುವವರು ಎಲ್ಲರೂ ಒಂದು ಮಾತು ನಂಬಿದ್ದಾರೆ: ಇದನ್ನು ಕೊಂಡವರು ಬೇಯಿಸಿಯೇ ತಿನ್ನುತ್ತಾರೆ.

ಒಣಗಿರುವುದರಿಂದ ಬ್ಯಾಕ್ಟೀರಿಯಾ ಸತ್ತಿರುತ್ತದೆ ಅಂತ ಅಂದುಕೊಳ್ಳುವುದು ಸಹಜ. ನಿಜ ಏನೆಂದರೆ, ಒಣ ಮೈದಾದಲ್ಲಿ ಅದು ಬೆಳೆಯುವುದಿಲ್ಲ, ಆದರೆ ಬೇಗ ಸಾಯುವುದೂ ಇಲ್ಲ. ಕಣಜದಲ್ಲಿಟ್ಟ ಬಿತ್ತನೆ ಬೀಜದ ಹಾಗೆ ತಿಂಗಳುಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಹಾಲು, ಮೊಟ್ಟೆ, ನೀರು ಬಿದ್ದ ಕೂಡಲೇ ಅದಕ್ಕೆ ಬೇಕಾದ ತೇವ ಸಿಗುತ್ತದೆ. ಕಲಸಿದ ಹಿಟ್ಟು ಅಡುಗೆಮನೆಯ ಬಿಸಿಯಲ್ಲಿ ಹೊತ್ತು ಕಳೆದರೆ ಬ್ಯಾಕ್ಟೀರಿಯಾ ಎದ್ದು ಬೆಳೆಯಲು ಶುರು ಮಾಡುತ್ತದೆ. ಫ್ರಿಜ್‌ನಲ್ಲಿ ಇಟ್ಟರೆ ನಿಧಾನ ಆಗುತ್ತದೆ. ಫ್ರೀಜರ್‌ನಲ್ಲಿ ಇಟ್ಟರೂ ಪೂರ್ತಿ ಸಾಯುವುದಿಲ್ಲ.

ಇನ್ನೊಂದು ಮಾತು. ಇ. ಕೋಲಿಯ ಈ ಕೆಟ್ಟ ಬಗೆಗಳಿಗೆ ಬೆಳೆದು ದೊಡ್ಡ ಸಂಖ್ಯೆ ಆಗುವ ಅಗತ್ಯವೂ ಇಲ್ಲ. 10ರಿಂದ 100 ಜೀವಕೋಶ ಹೊಟ್ಟೆಗೆ ಹೋದರೂ ಕಾಯಿಲೆ ಬರಬಹುದು. “ಈಗಷ್ಟೇ ಕಲಸಿದ್ದು, ತಾಜಾ ಇದೆ, ಒಂದೇ ಬೆರಳು” ಅನ್ನುವ ಸಮಾಧಾನ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಈಗ ಯಾಕೆ ಇಷ್ಟು ಸುದ್ದಿ?

ಜನ ತಲೆಮಾರುಗಳಿಂದ ಪಾತ್ರೆ ನೆಕ್ಕುತ್ತಾ ಬಂದಿದ್ದಾರೆ. ಈಗ ಇದ್ದಕ್ಕಿದ್ದಂತೆ ಮೈದಾ ಕೆಟ್ಟಿತಾ? ಈ ಪ್ರಶ್ನೆ ನ್ಯಾಯವಾದದ್ದೇ.

ಮೈದಾ ಬದಲಾಗಿದೆ ಅನ್ನುವುದಕ್ಕಿಂತ ನೋಡುವ ಕಣ್ಣು ಬದಲಾಗಿದೆ ಅನ್ನುವುದು ಸರಿ. ಒಂದು ಮದುವೆಯ ಊಟದಲ್ಲಿ ನೂರು ಜನಕ್ಕೆ ಒಟ್ಟಿಗೆ ಹೊಟ್ಟೆ ಕೆಟ್ಟರೆ ಕಾರಣ ಹುಡುಕುವುದು ಸುಲಭ. ಮೈದಾ ಹಾಗಲ್ಲ. ಒಂದು ಗಿರಣಿಯ ಒಂದು ದಿನದ ಮೈದಾ ಸಾವಿರಾರು ಮನೆಗೆ ಹಂಚಿಹೋಗುತ್ತದೆ. ಒಬ್ಬರು ಈ ವಾರ ಪೊಟ್ಟಣ ಒಡೆಯುತ್ತಾರೆ, ಇನ್ನೊಬ್ಬರು ಐದು ತಿಂಗಳು ಬಿಟ್ಟು. ಎಲ್ಲೋ ಒಬ್ಬ ಹುಡುಗಿಗೆ ಭೇದಿ, ದೂರದ ಇನ್ನೊಂದು ಊರಲ್ಲಿ ಒಬ್ಬ ಅಜ್ಜಿಗೆ. ಇವೆರಡಕ್ಕೂ ಸಂಬಂಧ ಇದೆ ಅಂತ ಯಾವ ಡಾಕ್ಟರಿಗೆ ಹೊಳೆಯಬೇಕು? ಅಮೆರಿಕದಲ್ಲಿ 1996ರಲ್ಲಿ ಪಲ್ಸ್‌ನೆಟ್ ಅನ್ನುವ ಪ್ರಯೋಗಾಲಯಗಳ ಜಾಲ ಶುರುವಾಯಿತು. ರೋಗಿಗಳ ದೇಹದಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಡಿಎನ್‌ಎ ಗುರುತನ್ನು ಬೆರಳಚ್ಚಿನ ಹಾಗೆ ಹೋಲಿಸಿ ನೋಡುವ ವ್ಯವಸ್ಥೆ ಇದು. ಬೇರೆ ಬೇರೆ ರಾಜ್ಯಗಳಲ್ಲಿ ಹರಡಿದ ರೋಗಿಗಳಿಗೆ ತಗುಲಿದ್ದು ಒಂದೇ ಬ್ಯಾಕ್ಟೀರಿಯಾ ಅಂತ ಆಮೇಲೆಯೇ ಕಾಣತೊಡಗಿತು.

2008ರಲ್ಲಿ ನ್ಯೂಜಿಲೆಂಡಿನಲ್ಲಿ ಸಾಲ್ಮೊನೆಲ್ಲಾ ಹರಡಿ 67 ಜನ ಕಾಯಿಲೆ ಬಿದ್ದರು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಹಸಿ ಮೈದಾ. ಮರುವರ್ಷ, 2009ರಲ್ಲಿ, ಅಮೆರಿಕದಲ್ಲಿ ಇ. ಕೋಲಿ ಒ157 ಕಾಣಿಸಿಕೊಂಡಿತು. 30 ರಾಜ್ಯಗಳಲ್ಲಿ 77 ಜನ. ಎಲ್ಲರನ್ನೂ ಕೂಡಿಸಿದ ಎಳೆ ನೆಸ್ಲೆ ಟೋಲ್ ಹೌಸ್ ಹೆಸರಿನ, ಫ್ರಿಜ್‌ನಲ್ಲಿಟ್ಟು ಮಾರುವ ಕುಕೀ ಹಿಟ್ಟು. ಕಂಪನಿ 36 ಲಕ್ಷ ಪೊಟ್ಟಣ ವಾಪಸ್ ತೆಗೆದುಕೊಂಡಿತು. ಮೊಟ್ಟೆಯ ಮೇಲೆ ಅನುಮಾನ ಪಡುವ ಹಾಗಿರಲಿಲ್ಲ, ಯಾಕೆಂದರೆ ಅದರಲ್ಲಿದ್ದಿದ್ದು ಪಾಶ್ಚರೀಕರಿಸಿದ ಮೊಟ್ಟೆ. ಬಿಸಿ ಕಾಣದೆ ಒಳಗೆ ಹೋಗಿದ್ದ ಮುಖ್ಯ ಪದಾರ್ಥ ಅಂದರೆ ಮೈದಾ. ಮೈದಾದಿಂದಲೇ ಬಂತು ಅಂತ ಅವತ್ತು ಖಚಿತವಾಗಿ ಸಾಬೀತಾಗಲಿಲ್ಲ. ಆದರೆ 2010ರಿಂದ ಕಂಪನಿ ಬಿಸಿಯಲ್ಲಿ ಸಂಸ್ಕರಿಸಿದ ಮೈದಾವನ್ನೇ ಬಳಸತೊಡಗಿತು. ತನಿಖೆಯಲ್ಲಿ ಹೊರಬಂದ ಇನ್ನೊಂದು ವಿಷಯ ನನಗೆ ಮರೆಯಲಾಗದ್ದು. ಕೆಲವರು ಆ ಪೊಟ್ಟಣ ಕೊಂಡಿದ್ದೇ ಹಸಿಯಾಗಿ ತಿನ್ನುವುದಕ್ಕೆ. ಬೇಯಿಸುವ ಯೋಚನೆಯೇ ಅವರಿಗಿರಲಿಲ್ಲ.

ಖಚಿತ ಸಾಕ್ಷಿ ಸಿಕ್ಕಿದ್ದು 2016ರಲ್ಲಿ. ಅಮೆರಿಕದ 24 ರಾಜ್ಯಗಳಲ್ಲಿ 63 ಜನಕ್ಕೆ ಇ. ಕೋಲಿ ತಗುಲಿತು, 17 ಜನ ಆಸ್ಪತ್ರೆ ಸೇರಿದರು. ರೋಗಿಗಳ ಮನೆಯಲ್ಲಿ ಅರ್ಧ ಬಳಸಿ ಇಟ್ಟಿದ್ದ ಮೈದಾ ಪೊಟ್ಟಣಗಳನ್ನು ತಂದು ಪರೀಕ್ಷೆ ಮಾಡಿದಾಗ ಅದರೊಳಗೇ ಇ. ಕೋಲಿ ಒ121 ಸಿಕ್ಕಿತು. ಮೈದಾ ಬಂದಿದ್ದು ಕ್ಯಾನ್ಸಾಸ್ ಸಿಟಿಯಲ್ಲಿದ್ದ ಜನರಲ್ ಮಿಲ್ಸ್ ಕಂಪನಿಯ ಘಟಕದಿಂದ. ಬೀಸಿದ್ದು 2015ರ ನವೆಂಬರ್‌ನಲ್ಲಿ. ಜನ ಕಾಯಿಲೆ ಬೀಳುವುದು 2016ರ ಸೆಪ್ಟೆಂಬರ್‌ವರೆಗೂ ನಡೆಯಿತು. ಒಣ ಪುಡಿಯಲ್ಲಿ ಬ್ಯಾಕ್ಟೀರಿಯಾ ಎಷ್ಟು ಕಾಲ ಬಾಳುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಸಿಕ್ಕ ಪೊಟ್ಟಣಗಳಲ್ಲಿ ಬ್ಲೀಚ್ ಮಾಡಿದ ಮೈದಾವೂ ಇತ್ತು, ಮಾಡದ್ದೂ ಇತ್ತು. ಬ್ಲೀಚ್ ಬಣ್ಣ ತೆಗೆಯುತ್ತದೆ, ಬ್ಯಾಕ್ಟೀರಿಯಾವನ್ನಲ್ಲ. ಆ ಸಲ ಕೆಲವು ಮಕ್ಕಳು ಹಿಟ್ಟು ತಿಂದೂ ಇರಲಿಲ್ಲ. ಊಟ ಬರುವವರೆಗೆ ಆಡಿಕೊಂಡಿರಲಿ ಅಂತ ಹೋಟೆಲಿನವರು ಕೊಟ್ಟ ಹಸಿ ಹಿಟ್ಟಿನ ಉಂಡೆಯಲ್ಲಿ ಆಡಿದ್ದರು, ಅಷ್ಟೇ.

ಕೇಕ್ ಮಿಕ್ಸ್ ಬಳಸುವವರು 2021ರ ಪ್ರಕರಣವನ್ನು ಗಮನಿಸಬೇಕು. ಆ ವರ್ಷ ಅಮೆರಿಕದ 12 ರಾಜ್ಯಗಳಲ್ಲಿ 16 ಜನಕ್ಕೆ ಇ. ಕೋಲಿ ತಗುಲಿತು. ವಯಸ್ಸು 2ರಿಂದ 73. ಸರಿಸುಮಾರು ಅರ್ಧದಷ್ಟು ಜನ 13 ವರ್ಷ ದಾಟದವರು. ಹದಿನಾರೂ ಜನ ಹೆಂಗಸರು, ಹೆಣ್ಣುಮಕ್ಕಳು. ಏಳು ಜನ ಆಸ್ಪತ್ರೆ ಸೇರಿದರು, ಒಬ್ಬರ ಕಿಡ್ನಿಗೆ ಪೆಟ್ಟು ಬಿತ್ತು. ತನಿಖೆಯವರು ಮಾತಾಡಿಸಿದ ಎಂಟು ಜನರಲ್ಲಿ ಆರು ಜನ ಕೇಕ್ ಮಿಕ್ಸ್‌ನಿಂದ ಕಲಸಿದ ಹಸಿ ಹಿಟ್ಟಿನ ರುಚಿ ನೋಡಿದ್ದರು. ಯಾವ ಬ್ರ್ಯಾಂಡ್ ಅಂತ ಕೊನೆಗೂ ಒಂದಕ್ಕೆ ಬೆರಳು ಮಾಡಲು ಆಗಲಿಲ್ಲ. ಈ ಅಂಕಿಗಳನ್ನು ಓದಿದಾಗ ನನಗೆ ಕಂಡಿದ್ದು ಕೌಂಟರಿನ ಪಕ್ಕ ಸ್ಟೂಲ್ ಹಾಕಿ ನಿಂತ ಹುಡುಗಿಯರು.

ಕೇಕ್ ಮಿಕ್ಸ್ ಪೊಟ್ಟಣದಲ್ಲಿ ಚೆಂದದ ಚಿತ್ರ ಇರುತ್ತದೆ, ಒಳಗೆ ಎಲ್ಲಾ ಅಳತೆ ಮಾಡಿ ಬೆರೆಸಿ ಇಟ್ಟಿರುತ್ತಾರೆ. ಹಾಗಾಗಿ ಇದು ಅರ್ಧ ತಯಾರಾದ ತಿಂಡಿ ಅನ್ನಿಸುತ್ತದೆ. ಅದರಲ್ಲಿರುವುದು ಅದೇ ಹಸಿ ಮೈದಾ. ಐಸ್‌ಕ್ರೀಂಗೆ, ಮಿಲ್ಕ್‌ಶೇಕ್‌ಗೆ ಕೇಕ್ ರುಚಿ ಬರಲಿ ಅಂತ ಆ ಪುಡಿಯನ್ನು ಹಾಗೇ ಉದುರಿಸಿ ಕುಡಿಯುವವರಿದ್ದಾರೆ. ದಯವಿಟ್ಟು ಬೇಡ. ಗೋಧಿ ಹಿಟ್ಟು, ಸಾವಯವ ಹಿಟ್ಟು, ಮನೆ ಹತ್ತಿರದ ಗಿರಣಿಯಲ್ಲಿ ಬೀಸಿಸಿದ ಹಿಟ್ಟು, ಎಲ್ಲಕ್ಕೂ ಇದೇ ಮಾತು.

ಆದರೆ ಎಷ್ಟು ಹೆದರಬೇಕು?

ಇಷ್ಟು ಓದಿ ಯಾರಾದರೂ ಕೇಕ್ ಮಾಡುವುದನ್ನೇ ಬಿಟ್ಟರೆ ನನಗೆ ಬೇಜಾರಾಗುತ್ತದೆ. ಒಂದು ಸಲ ಬೆರಳು ನೆಕ್ಕಿದರೆ ಕಾಯಿಲೆ ಬರುವ ಸಾಧ್ಯತೆ ಚಿಕ್ಕದು. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೆ ಆ ಚಿಕ್ಕ ಸಾಧ್ಯತೆಯ ಆಚೆ ಬದಿಯಲ್ಲಿ ಏನಿದೆ ಅಂತಲೂ ನೋಡಬೇಕಲ್ಲವೇ.

ಸಾಲ್ಮೊನೆಲ್ಲಾ ಆದರೆ ಸಾಮಾನ್ಯವಾಗಿ 6 ಗಂಟೆಯಿಂದ 6 ದಿನದೊಳಗೆ ಜ್ವರ, ಭೇದಿ, ಹೊಟ್ಟೆ ನುಲಿತ ಶುರುವಾಗುತ್ತದೆ. ಗಟ್ಟಿಮುಟ್ಟಾಗಿರುವ ದೊಡ್ಡವರು 4ರಿಂದ 7 ದಿನ ನರಳಿ ಎದ್ದುಬಿಡುತ್ತಾರೆ. ಮಕ್ಕಳಿಗೆ, ವಯಸ್ಸಾದವರಿಗೆ ಅದು ರಕ್ತಕ್ಕೂ ಹರಡಬಹುದು.

ಇ. ಕೋಲಿಯ ಆ ಬಗೆಗಳ ರೀತಿ ಬೇರೆ. ತಿಂದು ಮೂರು ನಾಲ್ಕು ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಿಪರೀತ ಹೊಟ್ಟೆನೋವು, ಭೇದಿ. ಭೇದಿಯಲ್ಲಿ ರಕ್ತ ಕಾಣಿಸಬಹುದು. ಬಹಳ ಜನಕ್ಕೆ ಒಂದು ವಾರದಲ್ಲಿ ವಾಸಿಯಾಗುತ್ತದೆ. ಆದರೆ ಕಾಯಿಲೆ ಪತ್ತೆಯಾದವರಲ್ಲಿ 100ಕ್ಕೆ 5ರಿಂದ 10 ಜನರಿಗೆ, ಭೇದಿ ಕಮ್ಮಿಯಾಗುತ್ತಿದೆ ಅಂದುಕೊಳ್ಳುವ ಹೊತ್ತಿಗೇ, ಹೀಮೊಲಿಟಿಕ್ ಯುರೇಮಿಕ್ ಸಿಂಡ್ರೋಮ್ ಅನ್ನುವ ತೊಂದರೆ ಶುರುವಾಗುತ್ತದೆ. ಬ್ಯಾಕ್ಟೀರಿಯಾ ಬಿಟ್ಟ ವಿಷ ಸಣ್ಣ ರಕ್ತನಾಳಗಳ ಒಳಪದರವನ್ನು ಹಾಳು ಮಾಡುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ. ಕಿಡ್ನಿಯ ಸೋಸುವ ಜಾಲ ಕಟ್ಟಿಕೊಳ್ಳುತ್ತದೆ. ಮಗು ಬಿಳುಚಿಕೊಳ್ಳುತ್ತದೆ, ಸುಸ್ತಾಗುತ್ತದೆ, ಮೂತ್ರ ಕಮ್ಮಿ ಆಗುತ್ತದೆ. ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ಇದು ಜಾಸ್ತಿ ಬರುವುದು 5 ವರ್ಷದೊಳಗಿನ ಮಕ್ಕಳಿಗೆ. ಅಂದರೆ ಪಾತ್ರೆಗಾಗಿ ಅತಿ ಆಸೆಯಿಂದ ಕಾಯುವ ವಯಸ್ಸಿನವರಿಗೇ.

ನನ್ನ ಅಭಿಪ್ರಾಯ ಇಷ್ಟು. ಆರೋಗ್ಯವಾಗಿರುವ ದೊಡ್ಡವರೊಬ್ಬರು ಎಲ್ಲಾ ತಿಳಿದುಕೊಂಡು “ಪರವಾಗಿಲ್ಲ, ನಾನು ತಿನ್ನುತ್ತೇನೆ” ಅಂದರೆ ಅದು ಅವರಿಗೆ ಬಿಟ್ಟಿದ್ದು. ಆದರೆ ಮಗುವಿನ ಕೈಗೆ ಚಮಚ ಕೊಡುವಾಗ ತೀರ್ಮಾನ ತೆಗೆದುಕೊಳ್ಳುತ್ತಿರುವುದು ಮಗು ಅಲ್ಲ, ನಾವು. ಬಸುರಿಯರು, 65 ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಆದವರು ಮನೆಯಲ್ಲಿದ್ದರೂ ಇದೇ ಎಚ್ಚರ ಬೇಕು.

ಹಸಿ ಹಿಟ್ಟು ತಿಂದರೆ ಹೊಟ್ಟೆಯೊಳಗೆ ಉಬ್ಬುತ್ತದೆ ಅಂತ ಕೆಲವು ಹಿರಿಯರು ಹೆದರಿಸುತ್ತಾರೆ. ಒಂದು ಚಮಚ ಕೇಕ್ ಹಿಟ್ಟಿನಲ್ಲಿರುವ ಬೇಕಿಂಗ್ ಪೌಡರ್‌ನಿಂದ ಅಂಥದ್ದೇನೂ ಆಗುವುದಿಲ್ಲ. ಹೆಚ್ಚೆಂದರೆ ಒಂದು ತೇಗು.

ಯಾರಾದರೂ ಆಗಲೇ ತಿಂದಾಗಿದ್ದರೆ ಗಾಬರಿಯಾಗಿ ಓಡಬೇಕಿಲ್ಲ. ಹತ್ತು ದಿನ ಒಂದು ಕಣ್ಣಿಟ್ಟಿರಿ. ಭೇದಿಯಲ್ಲಿ ರಕ್ತ ಬಂದರೆ, ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಮೂರು ದಿನವಾದರೂ ಭೇದಿ ನಿಲ್ಲದಿದ್ದರೆ, ಕುಡಿದಿದ್ದೆಲ್ಲ ವಾಂತಿಯಾಗುತ್ತಿದ್ದರೆ, ಮೂತ್ರ ಕಮ್ಮಿಯಾದರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ಹಸಿ ಹಿಟ್ಟು ತಿಂದಿದ್ದನ್ನು ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವುದಿಲ್ಲ. ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಅಥವಾ ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿ ಕೊಡಬೇಡಿ. ಇ. ಕೋಲಿಯ ಈ ಬಗೆ ಆಗಿದ್ದರೆ ಅವು ಕಿಡ್ನಿಯ ತೊಂದರೆಯನ್ನು ಹೆಚ್ಚಿಸಬಹುದು.

ಮನೆಯಲ್ಲೇ ಮೈದಾ ಹುರಿದರೆ?

ಈಗ ಬಹಳ ಕಡೆ ಹಬ್ಬಿರುವ ಉಪಾಯ ಇದು. ಮೈದಾವನ್ನು ತಟ್ಟೆಯಲ್ಲಿ ಹರಡಿ ಐದು ನಿಮಿಷ ಓವನ್‌ನಲ್ಲಿಡಿ, ಇಲ್ಲವೇ ಮೈಕ್ರೋವೇವ್‌ನಲ್ಲಿ ಒಂದು ನಿಮಿಷ ತಿರುಗಿಸಿ, ಆಮೇಲೆ ಹಸಿ ಹಿಟ್ಟು ನಿಶ್ಚಿಂತೆಯಿಂದ ತಿನ್ನಿ ಅನ್ನುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬೇಕು ತಾನೇ?

ಒದ್ದೆ ಪದಾರ್ಥದಲ್ಲಾದರೆ ಹೌದು. ಮೊಟ್ಟೆ ಹಾಕಿದ ಅಡುಗೆ 71 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲಾ ಕಥೆ ಮುಗಿಯುತ್ತದೆ. ಒಣ ಪುಡಿಯಲ್ಲಿ ಲೆಕ್ಕ ಬೇರೆ. ತೇವ ಇಲ್ಲದ ಕಡೆ ಬ್ಯಾಕ್ಟೀರಿಯಾ ಬಿಸಿಯನ್ನು ಎಷ್ಟೋ ಪಟ್ಟು ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ಒದ್ದೆಯಲ್ಲಿ ಸೆಕೆಂಡುಗಳಲ್ಲಿ ಸಾಯುವಂಥದ್ದು ಒಣ ಮೈದಾದಲ್ಲಿ ಅದೇ ಬಿಸಿಗೆ ನಿಮಿಷಗಟ್ಟಲೆ ಉಳಿಯಬಹುದು. ಜೊತೆಗೆ ಮೈದಾದೊಳಗೆ ಬಿಸಿ ಸಮವಾಗಿ ಹರಿಯುವುದಿಲ್ಲ. ತಟ್ಟೆಯ ಅಂಚಿನಲ್ಲಿ ಕಂದು ಬಣ್ಣ ಬಂದಿರುತ್ತದೆ, ನಡುವಿನ ಗುಪ್ಪೆಯೊಳಗೆ ಬೆರಳಿಟ್ಟರೆ ಬೆಚ್ಚಗಷ್ಟೇ ಇರುತ್ತದೆ. ಅದಕ್ಕೇ ಎಫ್‌ಡಿಎ, ಅಂದರೆ ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ, ಮನೆಯಲ್ಲಿ ಮೈದಾ ಬಿಸಿ ಮಾಡಿ ಸುರಕ್ಷಿತ ಮಾಡಿಕೊಳ್ಳುವ ಪ್ರಯತ್ನ ಬೇಡ ಅನ್ನುತ್ತದೆ. ಕಾರ್ಖಾನೆಯವರು ಎಷ್ಟು ಬಿಸಿ, ಎಷ್ಟು ಹೊತ್ತು, ಎಷ್ಟು ತೇವ ಅಂತ ಪರೀಕ್ಷೆ ಮಾಡಿ ನೋಡಿದ ಮೇಲೆಯೇ ಅದನ್ನು ಪಾಲಿಸುತ್ತಾರೆ. ನಮ್ಮ ಓವನ್‌ಗೆ ಅಂಥ ಪರೀಕ್ಷೆ ಆಗಿಲ್ಲ.

ಅದೇ ಮೈದಾ ಕೇಕ್ ಆದಾಗ ಯಾಕೆ ಸುರಕ್ಷಿತ? ಹಿಟ್ಟಿನಲ್ಲಿ ನೀರಿದೆ. ಬೆಂದ ಕೇಕಿನ ನಡುಭಾಗ 95 ಡಿಗ್ರಿಯ ಆಸುಪಾಸು ಮುಟ್ಟಿರುತ್ತದೆ. ಆ ಒದ್ದೆ ಬಿಸಿಯಲ್ಲಿ ಇವು ಯಾವುವೂ ಉಳಿಯುವುದಿಲ್ಲ. ನಡುವೆ ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದೆ ಬರಬೇಕು ಅಂತ ಹೇಳಿಕೊಡುತ್ತಾರಲ್ಲ, ಅದು ಕೇಕ್ ಕುಸಿಯದಿರಲಿ ಅಂತ ಮಾತ್ರ ಅಲ್ಲ.

ಹಸಿಯಾಗಿಯೇ ತಿನ್ನಲು ಅಂತ ಮಾರುವ ಕುಕೀ ಹಿಟ್ಟು ಇದೆ. ಐಸ್‌ಕ್ರೀಂ ಒಳಗೆ ಸಿಗುವ ತುಣುಕುಗಳೂ ಅಂಥವೇ. ಅದಕ್ಕೆ ಬಿಸಿಯಲ್ಲಿ ಸಂಸ್ಕರಿಸಿದ ಮೈದಾ ಹಾಕಿರುತ್ತಾರೆ. ಮೊಟ್ಟೆ ಇದ್ದರೆ ಅದು ಪಾಶ್ಚರೀಕರಿಸಿದ್ದು, ಇಲ್ಲವೇ ಮೊಟ್ಟೆಯೇ ಇರುವುದಿಲ್ಲ. ಪೊಟ್ಟಣದ ಮೇಲೆ ಬೇಯಿಸದೆ ತಿನ್ನಬಹುದು ಅಂತ ಸ್ಪಷ್ಟವಾಗಿ ಬರೆದಿದ್ದರೆ ತಿನ್ನಿ. ಬೇಯಿಸಿ ಅಂತ ಬರೆದಿದ್ದರೆ ಬೇಯಿಸಿ.

ಅಡುಗೆಮನೆಯಲ್ಲಿ ನನ್ನ ಅಭ್ಯಾಸ ಎರಡು ವಿಷಯದಲ್ಲಿ ಬದಲಾಗಿದೆ. ಮೊದಲೆಲ್ಲ ಮೈದಾವನ್ನು ಡಬ್ಬಿಗೆ ಸುರಿದು ಪೊಟ್ಟಣ ಬಿಸಾಕುತ್ತಿದ್ದೆ. ಈಗ ಪೊಟ್ಟಣದ ಮೇಲಿನ ಬ್ಯಾಚ್ ನಂಬರ್ ಮತ್ತು ದಿನಾಂಕ ಇರುವ ತುಂಡನ್ನು ಕತ್ತರಿಸಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸುತ್ತೇನೆ. ಮುಂದೆ ಯಾವತ್ತಾದರೂ ಆ ಬ್ಯಾಚ್ ವಾಪಸ್ ಕರೆದರೆ ನನ್ನ ಡಬ್ಬಿಯಲ್ಲಿರುವುದು ಅದೇನಾ ಅಂತ ತಿಳಿಯಬೇಕಲ್ಲ. ಹಳೇ ಮೈದಾದ ಮೇಲೆ ಹೊಸದನ್ನು ಸುರಿಯುವುದನ್ನೂ ಬಿಟ್ಟೆ. ಎರಡನೆಯದು, ಮೈದಾ ಜರಡಿ ಹಿಡಿಯುವಾಗ ಏಳುವ ಧೂಳು. ಕಿಟಕಿಯ ಬಿಸಿಲಲ್ಲಿ ನೋಡಿದರೆ ಅದು ಎಷ್ಟು ದೂರ ಹಾರುತ್ತದೆ ಅಂತ ಗೊತ್ತಾಗುತ್ತದೆ. ಅದೇ ಕೌಂಟರಿನ ಮೇಲೆ ಹೆಚ್ಚಿಟ್ಟ ಹಣ್ಣು ಇದ್ದರೆ ಅದರ ಮೇಲೂ ಕೂರುತ್ತದೆ. ಈಗ ಹಣ್ಣು, ತಿನ್ನಲು ತಯಾರಿರುವ ಪದಾರ್ಥ ಎಲ್ಲವನ್ನೂ ಮೊದಲೇ ಬೇರೆ ಕಡೆ ಎತ್ತಿಡುತ್ತೇನೆ. ಕಲಸಿದ ಮೇಲೆ ಕೈ, ಕೌಂಟರ್, ಪಾತ್ರೆ ಎಲ್ಲಕ್ಕೂ ಸೋಪು ನೀರು.

ಸಕ್ಕರೆ ಸಾಕಾ ಅಂತ ನೋಡಬೇಕು ಅನ್ನಿಸಿದರೆ ಎರಡು ಚಮಚ ಹಿಟ್ಟನ್ನು ಪುಟ್ಟ ಕಪ್‌ನಲ್ಲಿ ಹಾಕಿ ಮೊದಲು ಬೇಯಿಸುತ್ತೇನೆ. ಕೆಲವೇ ನಿಮಿಷದ ಕೆಲಸ. ರುಚಿಯೂ ಸರಿಯಾಗಿ ತಿಳಿಯುತ್ತದೆ, ಯಾಕೆಂದರೆ ಹಸಿ ಹಿಟ್ಟಿನ ಸಿಹಿಗೂ ಬೆಂದ ಕೇಕಿನ ಸಿಹಿಗೂ ವ್ಯತ್ಯಾಸ ಇದೆ.

ಮಗಳ ಪ್ರಶ್ನೆಗೆ ಅವತ್ತು ಪೂರ್ತಿ ಉತ್ತರ ಕೊಡಲಿಲ್ಲ. ಮುಂದಿನ ಸಲ ಕೇಕ್ ಮಾಡುವಾಗ ಅವಳನ್ನು ಮೊದಲೇ ಕರೆದೆ. ಪಾತ್ರೆಯಲ್ಲಿ ಬೆಣ್ಣೆ, ಸಕ್ಕರೆ ಮಾತ್ರ ಇತ್ತು. ಬೀಟರ್ ತಿರುಗಿ ತಿರುಗಿ ಹಳದಿ ಬೆಣ್ಣೆ ಬೆಳ್ಳಗಾಗಿ, ಮೋಡದ ಹಾಗೆ ಉಬ್ಬಿತ್ತು. ಪಾಶ್ಚರೀಕರಿಸಿದ ಹಾಲಿನ ಬೆಣ್ಣೆ, ಸಕ್ಕರೆ, ಎರಡು ಹನಿ ವೆನಿಲ್ಲಾ. ಮೊಟ್ಟೆ ಒಡೆದಿರಲಿಲ್ಲ, ಮೈದಾ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ತೊಳೆದ ಚಮಚದಲ್ಲಿ ತುಂಬಾ ತೆಗೆದು ಅವಳ ಕೈಗೆ ಕೊಟ್ಟೆ.

“ಇದು ನಿನ್ನ ಪಾಲು. ಮೈದಾ ಬಿದ್ದ ಮೇಲೆ ಕೇಳೋ ಹಾಗಿಲ್ಲ.”

ಚಮಚ ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದಳು. ಆಮೇಲೆ ಸ್ಟೂಲ್‌ನಿಂದ ಇಳಿದು, ತಾನೇ ಹೋಗಿ ಮೊಟ್ಟೆ ತಂದಳು.